ಕೂಡಿ ಬಾಳಿದವರು ಅಗಲಿದಾಗ ದುಡ್ಡು ಯಾರದು?

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ಪೀಣ್ಯ, ದಾಸರಹಳ್ಳಿ, ಮಾದಾವರಗಳನ್ನು ದಾಟಿದ ಮೇಲೆ ಮಾದನಾಯಕನಹಳ್ಳಿ ಸಿಗುತ್ತದೆ. ಹೆದ್ದಾರಿಯ ಪಕ್ಕದಲ್ಲಿ ಗೋದಾಮುಗಳು, ಸಣ್ಣ ಕಾರ್ಖಾನೆಗಳು. ಅವುಗಳ ಹಿಂದೆ, ಒಂದು ಕಾಲಕ್ಕೆ ಹೊಲವಾಗಿದ್ದ ಜಾಗದಲ್ಲಿ, ಸಾಲುಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ನೀರಿನ ಡ್ರಮ್ಮು. ಊರು ಬಿಟ್ಟು ಕೆಲಸಕ್ಕೆಂದು ಬಂದವರಿಗೆ ಈ ಮನೆಗಳೇ ಬೆಂಗಳೂರು.

ಇಂಥ ಒಂದು ಮನೆಗೆ ಇಬ್ಬರು ಬಾಡಿಗೆಗೆ ಬಂದರು ಎಂದಿಟ್ಟುಕೊಳ್ಳೋಣ. ಅವನು ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವನು, ಅವಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವವಳು. ಜಾತಿ ಬೇರೆ, ಎರಡೂ ಮನೆಯವರಿಗೆ ಒಪ್ಪಿಗೆಯಿಲ್ಲ. ಮದುವೆ ಆಗಿಲ್ಲ. 'ಗಂಡ-ಹೆಂಡ್ತಿ ತಾನೆ?' ಎಂದು ಮನೆ ಮಾಲೀಕರು ಕೇಳಿದಾಗ ಇಬ್ಬರೂ ಹೌದೆಂದು ತಲೆಯಾಡಿಸುತ್ತಾರೆ. ಮುಂಗಡದ ಹಣದಲ್ಲಿ ಅರ್ಧ ಅವಳ ಸರ ಅಡವಿಟ್ಟು ತಂದದ್ದು. ಕರಾರು ಪತ್ರ ಮಾತ್ರ ಅವನ ಹೆಸರಿನಲ್ಲಿ. ಮೋಟಾರ್ ಸೈಕಲ್ ಅವನ ಹೆಸರಿನಲ್ಲಿ, ಅದರ ತಿಂಗಳ ಕಂತು ಅವಳ ಸಂಬಳದಿಂದ. ನಾಲ್ಕು ವರ್ಷದ ನಂತರ ಇಬ್ಬರಿಗೂ ಆಗಿಬರುವುದಿಲ್ಲ. ಅವಳು ಬಟ್ಟೆಯ ಬ್ಯಾಗಿನೊಂದಿಗೆ ಹೊರಡುತ್ತಾಳೆ. ಮುಂಗಡ, ಗಾಡಿ ಎರಡೂ ಅವನ ಬಳಿಯೇ ಉಳಿಯುತ್ತವೆ.

ಇದು ನಿರ್ದಿಷ್ಟವಾಗಿ ಯಾರ ಕಥೆಯೂ ಅಲ್ಲ. ಆದರೆ ಇಂಥ ವಠಾರಗಳಲ್ಲಿ ಇದ್ದವರಿಗೆ ಹೊಸದೂ ಅಲ್ಲ. ಇಬ್ಬರೂ ಮದುವೆಯಾಗಿದ್ದರೆ ಜೀವನಾಂಶ ಕೇಳಲು ಕೋರ್ಟಿದೆ, ವಿಚ್ಛೇದನದ ಕಾನೂನಿದೆ. ಮದುವೆಯಾಗಿಲ್ಲದಿದ್ದರೆ? 'ಕಾನೂನಿನಲ್ಲಿ ಅದಕ್ಕೆ ಏನೂ ಇಲ್ಲ' ಎಂದು ಕೆಲವರು ಹೇಳುತ್ತಾರೆ. 'ಈಗ ಎಲ್ಲ ಹಕ್ಕೂ ಇದೆ' ಎಂದು ಇನ್ನು ಕೆಲವರು. ಎರಡೂ ಪೂರ್ತಿ ನಿಜವಲ್ಲ. ಈ ಪ್ರಶ್ನೆ ನಗರದ ಹೊಸ ಬದುಕಿನೊಡನೆ ಬಂದದ್ದೂ ಅಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಸುಮಾರು 900 ವರ್ಷಗಳ ಲಿಖಿತ ಚರಿತ್ರೆಯಿದೆ.

ಆ ಚರಿತ್ರೆಯನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಹಣದ ಪ್ರಶ್ನೆ ಬಂದಾಗಲೆಲ್ಲ ಕಾನೂನು ಮೊದಲು ಕೇಳಿದ್ದು 'ಅವಳು ಅವನಿಗೆ ಏನಾಗಬೇಕು?' ಎಂದು. 'ಯಾರು ಎಷ್ಟು ಹಾಕಿದರು, ಯಾರು ಎಷ್ಟು ದುಡಿದರು?' ಎಂಬ ಪ್ರಶ್ನೆ ಹಿಂದೆ ಸರಿದಿದೆ.

ಕಲ್ಯಾಣದಲ್ಲಿ ಒಂದು ಪದದ ಅರ್ಥ

ಇಂದು ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ ಕಲ್ಯಾಣ. ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು ಐವತ್ತು ವರ್ಷ ಆಳಿದ ಕಾಲದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ ಅಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ. ಮುಂದೆ 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಸೀಮೆಯನ್ನು ಬಿಟ್ಟು ದೇಶದ ಹೆಚ್ಚಿನ ಭಾಗದ ಕೋರ್ಟುಗಳಿಗೆ ಅದೇ ಹಿಂದೂ ಕಾನೂನಿನ ಆಧಾರಗ್ರಂಥವಾಯಿತು.

ವಿಜ್ಞಾನೇಶ್ವರನ ಮುಂದೆ ಒಂದು ತೊಡಕಿತ್ತು. ಅಣ್ಣತಮ್ಮಂದಿರಿಂದ ಭಾಗವಾಗಿದ್ದು, ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಯಾರಿಗೆ? ಯಾಜ್ಞವಲ್ಕ್ಯ ಪತ್ನಿಯನ್ನು ಮೊದಲು ಹೇಳುತ್ತಾನೆ. ನಾರದ ಸ್ಮೃತಿಯಲ್ಲಾದರೋ, ವಾರಸುದಾರರಿಲ್ಲದವನ ಆಸ್ತಿಯನ್ನು ರಾಜ ತೆಗೆದುಕೊಳ್ಳುವಾಗ ಸತ್ತವನ ಹೆಂಗಸರಿಗೆ ಹೊಟ್ಟೆಬಟ್ಟೆಗೆ ಕೊಡಬೇಕು ಎಂದಿದೆ. ಹೆಂಗಸಿಗೆ ಹೊಟ್ಟೆಬಟ್ಟೆ ಮಾತ್ರ ಎಂದಾದರೆ ಪತ್ನಿಗೆ ಆಸ್ತಿ ಬರುವುದು ಹೇಗೆ? ವಿಜ್ಞಾನೇಶ್ವರ ಪದವನ್ನು ಹಿಡಿದು ತೊಡಕು ಬಿಡಿಸಿದ. ಅಲ್ಲಿರುವುದು 'ಹೆಂಗಸರು' ಎಂಬ ಅರ್ಥದ ಪದ, 'ಪತ್ನಿ' ಎಂಬ ಪದವಲ್ಲ. ಆದ್ದರಿಂದ ಆ ಮಾತು ಮದುವೆಯಿಲ್ಲದೆ ಒಬ್ಬನಿಗೇ ಕಟ್ಟುಬಿದ್ದು ಇರುವ 'ಅವರುದ್ಧ ಸ್ತ್ರೀ'ಗೆ ಅನ್ವಯಿಸುತ್ತದೆ. ಪತ್ನಿಗೆ ಪೂರ್ತಿ ಆಸ್ತಿ ಸಲ್ಲುತ್ತದೆ ಎಂದ.

ವಿಧವೆಗೆ ಆಸ್ತಿಯ ಹಕ್ಕನ್ನು ಗಟ್ಟಿಮಾಡಿದ ವಾದ ಇದು. ಆ ಕಾಲಕ್ಕೆ ದೊಡ್ಡ ಮಾತೇ ಸರಿ. ಆದರೆ ಅದೇ ವಾದ ಇನ್ನೊಬ್ಬ ಹೆಂಗಸಿನ ಪಾಲನ್ನೂ ಗೊತ್ತುಮಾಡಿತು. ಒಬ್ಬಳಿಗೆ ಆಸ್ತಿ, ಇನ್ನೊಬ್ಬಳಿಗೆ ಅನ್ನ. ಇಬ್ಬರಲ್ಲಿ ಯಾರು ಹೆಚ್ಚು ದುಡಿದರು ಎಂಬುದು ಲೆಕ್ಕಕ್ಕೆ ಬರಲಿಲ್ಲ; ಸಂಬಂಧದ ಹೆಸರೇ ತೀರ್ಮಾನ ಮಾಡಿತು.

ಆದರೂ ಅದೇ ಗ್ರಂಥದಲ್ಲಿ ಬೇರೊಂದು ಬಗೆಯ ವಿಚಾರವೂ ಇದೆ. ಸ್ತ್ರೀಧನವೆಂದರೆ ಮದುವೆಯ ಹೊತ್ತಿಗೆ ತವರಿನವರು ಕೊಟ್ಟದ್ದು ಮಾತ್ರವಲ್ಲ. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದದ್ದು, ಅವಳು ಕೊಂಡದ್ದು, ಪಾಲಿನಿಂದ ಸಿಕ್ಕಿದ್ದು ಇವೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ಹೇಳುತ್ತಾನೆ. ಇಲ್ಲಿ ಅವನು ಕೇಳಿದ್ದು 'ಈ ಆಸ್ತಿ ಅವಳ ಕೈಗೆ ಬಂದದ್ದು ಹೇಗೆ?' ಎಂದು. ಆದರೆ ಈ ವಿಶಾಲ ಅರ್ಥವನ್ನು ಬ್ರಿಟಿಷರ ಕಾಲದ ಕೋರ್ಟುಗಳು ಒಪ್ಪಲಿಲ್ಲ. ಮುಂದೆ ಅದನ್ನು ಮೊಟಕುಗೊಳಿಸಿದವು.

ಸತ್ತರೆ ಜೀವನಾಂಶ, ಬಿಟ್ಟರೆ ಇಲ್ಲ

ಅವರುದ್ಧ ಸ್ತ್ರೀಯ ಪ್ರಶ್ನೆ ಕೊನೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಮುಂಬಯಿಯಿಂದ ಹೋದ ಒಂದು ಮೊಕದ್ದಮೆಯಲ್ಲಿ 1926ರಲ್ಲಿ ತೀರ್ಪು ಬಂತು. ಗಂಡಸು ಸಾಯುವವರೆಗೂ ಎಡೆಬಿಡದೆ, ಅವನಿಗೇ ನಿಷ್ಠಳಾಗಿ ಇದ್ದವಳಿಗೆ ಅವನ ಆಸ್ತಿಯಿಂದ ಜೀವನಾಂಶ ಸಿಗಬೇಕು. ಅದಕ್ಕಾಗಿ ಅವಳು ಅವನ ಕುಟುಂಬದ ಮನೆಯಲ್ಲೇ ವಾಸವಾಗಿರಬೇಕೆಂದಿಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೂ ಇದೇ ಕಾನೂನು.

ಕರುಣೆಯ ತೀರ್ಪಿನಂತೆ ಕಾಣುವ ಇದರಲ್ಲಿ ಒಂದು ಬಿರುಕಿತ್ತು. ಈ ಹಕ್ಕು ಹುಟ್ಟುತ್ತಿದ್ದದ್ದು ಗಂಡಸಿನ ಮರಣದಿಂದ. ಅವನು ಬದುಕಿರುವಾಗಲೇ ಅವಳನ್ನು ಕೈಬಿಟ್ಟರೆ ಅವನ ಮೇಲೆ ಅವಳಿಗೆ ಯಾವ ಹಕ್ಕೂ ಇಲ್ಲವೆಂದು ಕೋರ್ಟುಗಳು ಹಿಡಿದವು. ಇಪ್ಪತ್ತು ವರ್ಷ ಜೊತೆಗಿದ್ದು ಅವನು ಸತ್ತರೆ ತಿಂಗಳ ಖರ್ಚು ಸಿಗುತ್ತಿತ್ತು. ಇಪ್ಪತ್ತನೆಯ ವರ್ಷ ಅವನು ಬಾಗಿಲು ಹಾಕಿಕೊಂಡರೆ ಏನೂ ಇಲ್ಲ. ಅಗಲಿಕೆಯ ಹೊತ್ತಿಗೆ, ಅಂದರೆ ಅತ್ಯಂತ ಬೇಕಾದ ಹೊತ್ತಿಗೆ, ಕಾನೂನು ಮೌನವಾಗಿತ್ತು.

ಕೂಡಿಕೆ ಮತ್ತು ತೆರ

ಕೋರ್ಟಿನ ಮೆಟ್ಟಿಲು ಹತ್ತದ ಬಹುಪಾಲು ಜನ ಏನು ಮಾಡುತ್ತಿದ್ದರು? ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಕೂಡಿಕೆ, ಸೀರುಡಿಕೆ ಎಂಬ ಪದ್ಧತಿಗಳಿದ್ದವು. ವಿಧವೆ, ಇಲ್ಲವೆ ಗಂಡನನ್ನು ಬಿಟ್ಟವಳು ಇನ್ನೊಬ್ಬನೊಂದಿಗೆ ಬಾಳುವೆ ಮಾಡಲು ಸಮುದಾಯ ಒಪ್ಪಿದ ದಾರಿ ಅದು. ಗಂಡಸು ಸೀರೆ ಕೊಡುತ್ತಾನೆ, ಹತ್ತು ಜನ ಹಿರಿಯರು ಕೂರುತ್ತಾರೆ. ಚಪ್ಪರ, ಓಲಗಗಳ ದೊಡ್ಡ ಮದುವೆಯ ಸಡಗರ ಇರುವುದಿಲ್ಲ. ಕೂಡಿಕೆಯವಳಿಗೆ ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವ ಮಾನ ಕಡಿಮೆ. ಆದರೆ ಬಾಳುವೆಗೆ ಒಪ್ಪಿಗೆಯಿತ್ತು.

ಈ ಪದ್ಧತಿಗಳನ್ನು ಜಾತಿಜಾತಿಯಾಗಿ ಬರೆದಿಟ್ಟವರಲ್ಲಿ ಎಚ್.ವಿ. ನಂಜುಂಡಯ್ಯನವರು ಮುಖ್ಯರು. ಮೈಸೂರಿನ ನ್ಯಾಯಾಧೀಶರಾಗಿದ್ದ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು. ಅವರು ಸಂಗ್ರಹಿಸಿದ್ದನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದರು. 1928ರಿಂದ ನಾಲ್ಕು ಸಂಪುಟಗಳಲ್ಲಿ ಬಂದ ಆ ಗ್ರಂಥದಲ್ಲಿ 'ತೆರ'ದ ಮಾತು ಮತ್ತೆ ಮತ್ತೆ ಬರುತ್ತದೆ. ತೆರವೆಂದರೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಕೊಡುವ ಹಣ. ಅನೇಕ ಸಮುದಾಯಗಳಲ್ಲಿ, ಹೆಣ್ಣು ಗಂಡನನ್ನು ಬಿಟ್ಟು ಇನ್ನೊಬ್ಬನನ್ನು ಕೂಡಿಕೊಂಡರೆ ಆ ಹೊಸಬ ಹಳೆಯ ಗಂಡನಿಗೆ ತೆರವನ್ನೂ ಮದುವೆಯ ಖರ್ಚನ್ನೂ ಕಟ್ಟಿಕೊಡಬೇಕಾಗಿತ್ತು. ಎಷ್ಟೆಂದು ಪಂಚಾಯ್ತಿ ಗೊತ್ತುಮಾಡುತ್ತಿತ್ತು.

ಅಂದರೆ ಅಗಲಿಕೆಗೆ ಲೆಕ್ಕವಿತ್ತು, ಅದನ್ನು ಮುಗಿಸುವ ಜಾಗವೂ ಇತ್ತು. ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತಿರಲಿಲ್ಲ. ಆದರೆ ಹಿಂದಿನದನ್ನೆಲ್ಲ ಹೊಗಳುವ ಮೊದಲು ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ನೋಡಬೇಕು. ಒಬ್ಬ ಗಂಡಸಿನಿಂದ ಇನ್ನೊಬ್ಬ ಗಂಡಸಿಗೆ. ಹೊಲದಲ್ಲಿ ಕಳೆ ತೆಗೆದವಳ, ಹಟ್ಟಿಯಲ್ಲಿ ಸಗಣಿ ಬಾಚಿದವಳ ವರ್ಷಗಳ ದುಡಿಮೆಗೆ ಆ ಲೆಕ್ಕದಲ್ಲಿ ಕಲಮು ಇರಲಿಲ್ಲ.

ತುಳುನಾಡಿನ ಮದುವೆ ಮದುವೆಯಲ್ಲ!

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ಕರಾವಳಿಯಲ್ಲಿದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. ಆಸ್ತಿ ತಾಯಿಯ ಸಾಲಿನ ಕುಟುಂಬದ್ದು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಧಾರೆ ಎರೆದು ಮದುವೆ ಮಾಡುತ್ತಿದ್ದರು. ಆದರೆ ಗಂಡಹೆಂಡತಿ ಬೇರೆಯಾಗುವುದು ಸುಲಭವಾಗಿತ್ತು.

ಮದ್ರಾಸ್ ಪ್ರಾಂತದ ಇಂಗ್ಲಿಷ್ ನ್ಯಾಯಾಧೀಶರಿಗೆ ಇದು ಅರ್ಥವಾಗಲಿಲ್ಲ. ಇಷ್ಟು ಸುಲಭವಾಗಿ ಮುರಿಯುವುದನ್ನು ಮದುವೆ ಎನ್ನುವುದು ಹೇಗೆ? ದಕ್ಷಿಣ ಕನ್ನಡದಿಂದ ಬಂದ ಒಂದು ಪ್ರಕರಣದಲ್ಲಿ 1883ರಲ್ಲಿ ಮದ್ರಾಸ್ ಹೈಕೋರ್ಟ್, ಅಳಿಯಸಂತಾನದವರ ಈ ಸಂಬಂಧ ದಂಡ ಸಂಹಿತೆಯ ಅರ್ಥದಲ್ಲಿ ಮದುವೆಯೇ ಅಲ್ಲ, ಆದ್ದರಿಂದ ವ್ಯಭಿಚಾರದ ಆರೋಪ ನಿಲ್ಲುವುದಿಲ್ಲ ಎಂದಿತು. ಊರೇ ನೆರೆದು ಧಾರೆ ಎರೆದ ದಂಪತಿಗಳು ಕಾನೂನಿನ ಪುಸ್ತಕದಲ್ಲಿ ಅವಿವಾಹಿತರಾದರು.

ಹೀಗೆ 'ಅವಿವಾಹಿತ'ಳಾದ ತುಳುನಾಡಿನ ಹೆಂಡತಿ ಬೀದಿಗೆ ಬಿದ್ದಳೇ? ಇಲ್ಲ. ಗಂಡನನ್ನು ಬಿಟ್ಟರೆ ಅವಳ ಮನೆ ಅವಳಿಗಿತ್ತು. ಗದ್ದೆ, ತೋಟ ಅವಳ ಕುಟುಂಬದ್ದು. ಮಕ್ಕಳು ಅಲ್ಲಿಯ ಹಕ್ಕುದಾರರು. ಗಂಡನ ಸ್ವಂತ ಗಳಿಕೆಯಲ್ಲಿ ಮಾತ್ರ ಅವಳಿಗೆ ಪಾಲಿರಲಿಲ್ಲ. ಬಯಲುಸೀಮೆಯ ಕೂಡಿಕೆಯವಳ ಸ್ಥಿತಿಗೂ ಇವಳ ಸ್ಥಿತಿಗೂ ಇದ್ದ ಅಂತರಕ್ಕೆ ಕಾರಣ ಸಂಬಂಧದ ಹೆಸರಲ್ಲ. ಆಸ್ತಿ ಯಾವ ಕಡೆಗಿತ್ತು ಎಂಬುದು. ಕಾಲ ಬದಲಾಗಿ, ಗಂಡನ ವಕೀಲಿಕೆ, ವ್ಯಾಪಾರ, ನೌಕರಿಗಳ ದುಡ್ಡಿನಲ್ಲಿ ಸಂಸಾರ ನಡೆಯತೊಡಗಿದಾಗ ಹಳೆಯ ಕಟ್ಟು ಸಾಲದಾಯಿತು. ಕೊನೆಗೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಈ ಮದುವೆಗಳಿಗೆ ಕಾನೂನಿನ ಮನ್ನಣೆ ಕೊಟ್ಟು ಜೀವನಾಂಶ, ವಿಚ್ಛೇದನಗಳಿಗೆ ನಿಯಮ ಮಾಡಿತು.

ಸುಧಾರಣೆಯ ಹೊರಗೆ ಉಳಿದವರು

ಸ್ವಾತಂತ್ರ್ಯಾನಂತರ ಹಿಂದೂ ಕಾನೂನಿಗೆ ಹೊಸ ರೂಪ ಬಂತು. 1955ರ ವಿವಾಹ ಕಾಯ್ದೆ ಒಬ್ಬನಿಗೆ ಒಬ್ಬಳೇ ಹೆಂಡತಿ ಎಂದಿತು. ಲಕ್ಷಾಂತರ ಹೆಂಗಸರಿಗೆ ಇದರಿಂದ ಭದ್ರತೆ ದೊರೆಯಿತು. ಆದರೆ ಮೊದಲ ಹೆಂಡತಿ ಇರುವಾಗ ತಾಳಿ ಕಟ್ಟಿಸಿಕೊಂಡವಳ ಮದುವೆ ಆ ದಿನದಿಂದ ಅನೂರ್ಜಿತವಾಯಿತು. ಅವನಿಗೆ ಮೊದಲೇ ಮದುವೆಯಾಗಿದೆ ಎಂಬುದು ಅವಳಿಗೆ ಗೊತ್ತಿರಲಿ, ಇಲ್ಲದಿರಲಿ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಸತ್ತವನ ಅವಲಂಬಿತರ ಪಟ್ಟಿಯಿದೆ. ಅದರಲ್ಲಿ ವಿಧವೆಯಿದ್ದಾಳೆ, ಮದುವೆಯಿಲ್ಲದೆ ಹುಟ್ಟಿದ ಮಕ್ಕಳೂ ಇದ್ದಾರೆ. ಅವರ ತಾಯಿ ಇಲ್ಲ. ಕಲ್ಯಾಣದಲ್ಲಿ ವಿಜ್ಞಾನೇಶ್ವರ ಗುರುತಿಸಿದ್ದ, 1926ರಲ್ಲಿ ಪ್ರಿವಿ ಕೌನ್ಸಿಲ್ ಎತ್ತಿಹಿಡಿದಿದ್ದ ಅನ್ನದ ಹಕ್ಕು ಹೀಗೆ ಸದ್ದಿಲ್ಲದೆ ಮುಗಿಯಿತು.

ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ವಿಧಿಯ ಕಥೆಯೂ ಇದೇ. 1898ರ ಸಂಹಿತೆಯಲ್ಲಿ 488, 1973ರ ಸಂಹಿತೆಯಲ್ಲಿ 125, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 - ಸಂಖ್ಯೆ ಬದಲಾದರೂ ಹೇಳುವುದು ಒಂದೇ. ಹೆಂಡತಿಗೆ ಉಂಟು; ಮಗುವಿಗೆ, ಮದುವೆಯಿಲ್ಲದೆ ಹುಟ್ಟಿದ್ದರೂ, ಉಂಟು. ಅನೂರ್ಜಿತ ಮದುವೆಯ ಹೆಣ್ಣು ಇಲ್ಲಿ 'ಹೆಂಡತಿ'ಯಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪಿತ್ತಿತು. ವಂಚನೆಗೊಳಗಾದವಳನ್ನು ಈ ವಿಧಿಯ ಮಟ್ಟಿಗೆ ಹೆಂಡತಿಯೆಂದೇ ನೋಡಬೇಕೆಂದು 2013ರಲ್ಲಿ ಅದೇ ಕೋರ್ಟು ಸ್ವಲ್ಪ ಸಡಿಲಿಸಿತು. ಬಹುಕಾಲ ಹೆಂಡತಿಯಂತೆ ಬಾಳಿದವಳನ್ನೂ 'ಹೆಂಡತಿ' ಎಂಬ ವ್ಯಾಖ್ಯೆಗೆ ಸೇರಿಸಬೇಕೆಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಶಿಫಾರಸು ಮಾಡಿತ್ತು. ಹೊಸ ಸಂಹಿತೆ ಬರೆಯುವಾಗಲೂ ಅದು ಒಳಗೆ ಬರಲಿಲ್ಲ.

ಬೆಂಗಳೂರಿನ ಒಂದು ಮೊಕದ್ದಮೆ

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಮೊದಲ ಬಾರಿಗೆ 'ಮದುವೆಯ ಸ್ವರೂಪದ ಸಂಬಂಧ' ಎಂಬ ಮಾತನ್ನು ಬಳಸಿತು. ಇಂಥ ಸಂಬಂಧದಲ್ಲಿದ್ದ ಹೆಣ್ಣು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ವಾಸಕ್ಕೆ ಮನೆ, ತಿಂಗಳ ಖರ್ಚು, ನಷ್ಟ ಪರಿಹಾರ ಕೇಳಬಹುದು. ತನ್ನ ಒಡವೆ, ಸಾಮಾನು ಹಿಂದಿರುಗಿಸಿ ಎಂದೂ ಕೇಳಬಹುದು. ಕೈಗೆ ಕಾಸು ಕೊಡದಿರುವುದು, ಅವಳ ಸಂಬಳ, ಒಡವೆಗಳನ್ನು ಕಿತ್ತುಕೊಳ್ಳುವುದು ಇವನ್ನು ಕಾಯ್ದೆ ಆರ್ಥಿಕ ಹಿಂಸೆ ಎಂದು ಕರೆಯಿತು.

ಆದರೆ ಯಾವುದು ಮದುವೆಯ ಸ್ವರೂಪದ್ದು? 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಗುರುತು ಹೇಳಿತು: ಸಮಾಜದ ಮುಂದೆ ದಂಪತಿಗಳಂತೆ ಕಾಣಿಸಿಕೊಂಡಿರಬೇಕು, ಮದುವೆಯ ವಯಸ್ಸಾಗಿರಬೇಕು, ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು, ಅಂದರೆ ಬೇರೆ ಮದುವೆ ಇರಬಾರದು, ಸ್ವಇಚ್ಛೆಯಿಂದ ಗಣನೀಯ ಕಾಲ ಕೂಡಿ ಬಾಳಿರಬೇಕು.

ಇದರ ಬಿಸಿ ತಟ್ಟಿದ್ದು ಬೆಂಗಳೂರಿನ ಒಂದು ಮೊಕದ್ದಮೆಗೆ. ಒಂದೇ ಖಾಸಗಿ ಕಂಪನಿಯಲ್ಲಿ ಕೆಲಸಕ್ಕಿದ್ದ ಇಬ್ಬರು 1992ರಲ್ಲಿ ಒಟ್ಟಿಗೆ ವಾಸಿಸತೊಡಗಿದರು. ಅವಳು ಅವಿವಾಹಿತೆ, ಕೆಲಸ ಬಿಟ್ಟಳು. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು. ಅದು ಅವಳಿಗೂ ಗೊತ್ತಿತ್ತು. ಅವಳ ಹೆಸರಿನಲ್ಲಿ ಒಂದು ವ್ಯವಹಾರ ಶುರುವಾಗಿ ಇಬ್ಬರೂ ಅದರಲ್ಲಿ ಗಳಿಸುತ್ತಿದ್ದರು, ಆಮೇಲೆ ಅವನು ಅದನ್ನು ತನ್ನ ಮನೆಗೆ ಒಯ್ದು ಮಗನ ಜೊತೆ ನಡೆಸಿದ, ತನ್ನ ದುಡಿಮೆಯ ದಾರಿ ಮುಚ್ಚಿತು ಎಂಬುದು ಅವಳ ದೂರು. ಹಲವು ವರ್ಷಗಳ ಮೇಲೆ ಸಂಬಂಧ ಕಡಿಯಿತು. ಮ್ಯಾಜಿಸ್ಟ್ರೇಟ್ ಕೋರ್ಟ್ ತಿಂಗಳಿಗೆ 18,000 ರೂಪಾಯಿ ಕೊಡಬೇಕೆಂದಿತು. ಸೆಷನ್ಸ್ ಕೋರ್ಟ್ ಒಪ್ಪಿತು. ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು.

ಸುಪ್ರೀಂ ಕೋರ್ಟಿನ ತೀರ್ಪು 2013ರ ನವೆಂಬರ್ 26ರಂದು ಬಂತು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್, ಮದುವೆಯಿಲ್ಲದೆ ಕೂಡಿ ಬಾಳುವುದು ಅಪರಾಧವೂ ಅಲ್ಲ, ಪಾಪವೂ ಅಲ್ಲ ಎಂದರು. ಸಂಬಂಧವನ್ನು ಅಳೆಯಲು ಎಷ್ಟು ಕಾಲ ಇದ್ದರು, ಒಂದೇ ಮನೆಯಲ್ಲಿದ್ದರೇ, ಹಣ ಆಸ್ತಿ ಕೂಡಿ ನಿಭಾಯಿಸಿದರೇ, ಮನೆಗೆಲಸ ಯಾರು ನೋಡಿದರು, ಮಕ್ಕಳಿದ್ದಾರೆಯೇ, ನೆಂಟರು ಸ್ನೇಹಿತರ ಮುಂದೆ ಹೇಗಿದ್ದರು ಎಂಬ ಗುರುತುಗಳನ್ನು ಪಟ್ಟಿಮಾಡಿದರು. ಆದರೆ ಅವನಿಗೆ ಮದುವೆಯಾಗಿದೆಯೆಂದು ತಿಳಿದೇ ಅವಳು ಬಂದಿದ್ದರಿಂದ ಇದು ಮದುವೆಯ ಸ್ವರೂಪದ ಸಂಬಂಧವಲ್ಲ, ಅವಳ ಸ್ಥಾನ ಉಪಪತ್ನಿಯದು ಎಂದರು. ಅವಳಿಗೆ ಹಣ ಕೊಡಿಸಿದರೆ ಅದು ಮದುವೆಯಾದ ಹೆಂಡತಿ, ಮಕ್ಕಳ ಪಾಲಿನಿಂದ ಹೋಗಬೇಕಾಗುತ್ತದೆ ಎಂಬುದೂ ಅವರ ಮಾತು. ಇಂಥ ಹೆಂಗಸರ ರಕ್ಷಣೆಗೆ ಸಂಸತ್ತು ಯೋಚಿಸಬೇಕೆಂದು ಹೇಳಿ ಮೇಲ್ಮನವಿಯನ್ನು ವಜಾಮಾಡಿದರು.

ಮದುವೆಯಾದ ಹೆಂಡತಿಯ ಕಡೆಯಿಂದ ನೋಡಿದರೆ ಈ ತೀರ್ಪು ಅನ್ಯಾಯವೆನಿಸದು. ಅವಳ ಮನೆಯ ಅನ್ನವನ್ನು ಹಂಚಲು ಅವಳನ್ನು ಯಾರೂ ಕೇಳಿರಲಿಲ್ಲ. ಆದರೆ ಗಮನಿಸಬೇಕಾದ್ದು ಒಂದಿದೆ. ಹಣ ಕೂಡಿ ನಿಭಾಯಿಸಿದರೇ ಎಂಬುದನ್ನು ನ್ಯಾಯಾಲಯ ಕೇಳಿದ್ದು ಹಣವನ್ನು ಹಂಚಲಿಕ್ಕಲ್ಲ, ಸಂಬಂಧಕ್ಕೆ ಹೆಸರಿಡಲಿಕ್ಕೆ. ಹೆಸರು ಸಿಕ್ಕಲಿಲ್ಲ, ಅಲ್ಲಿಗೆ ಹಣದ ಮಾತೂ ನಿಂತಿತು. ಕಲ್ಯಾಣದಲ್ಲಿ ಪದವೊಂದು ಮಾಡಿದ ಕೆಲಸವನ್ನು ಇಲ್ಲಿಯೂ ಪದವೇ ಮಾಡಿತು. ಒಂದು ವ್ಯತ್ಯಾಸವೆಂದರೆ, ಅಂದು ಅವಳಿಗೆ, ಅವನು ಸತ್ತ ಮೇಲಾದರೂ, ಅನ್ನ ಉಳಿಯಿತು.

1882ರ ಎರಡು ವಿಧಿಗಳು

ಹೆಸರು ಕೇಳದೆ ಹಣವನ್ನೇ ಕೇಳುವ ಕಾನೂನು ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ವಿಧಿ ಹೇಳುವಂತೆ, ಇಬ್ಬರು ತಮ್ಮ ತಮ್ಮ ಹಣ ಹಾಕಿ ಇಬ್ಬರ ಹೆಸರಿನಲ್ಲೂ ಸೈಟೋ ಮನೆಯೋ ಕೊಂಡರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಾಕಿದ ಹಣದ ಪ್ರಮಾಣದಲ್ಲಿ ಪಾಲು. ಯಾರು ಎಷ್ಟು ಹಾಕಿದರೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಸಮಪಾಲು. ಅವರು ಅಣ್ಣತಮ್ಮಂದಿರೋ, ಸ್ನೇಹಿತರೋ, ಕೂಡಿ ಬಾಳಿದವರೋ ಎಂದು ಈ ವಿಧಿ ಕೇಳುವುದಿಲ್ಲ.

ಅದೇ 1882ರ ಟ್ರಸ್ಟ್ ಕಾಯ್ದೆಯ 82ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಪತ್ರ ಒಬ್ಬರ ಹೆಸರಿನಲ್ಲಿದ್ದು ಹಣ ಇನ್ನೊಬ್ಬರು ಕೊಟ್ಟಿದ್ದರೆ, ಉಡುಗೊರೆಯ ಉದ್ದೇಶ ಕಾಣದಿದ್ದಲ್ಲಿ, ಹೆಸರಿನವನು ಹಣ ಕೊಟ್ಟವರ ಪರವಾಗಿ ಅದನ್ನು ಹಿಡಿದಿದ್ದಾನೆ ಎಂದು ಭಾವಿಸಲಾಗುತ್ತಿತ್ತು. 1988ರ ಬೇನಾಮಿ ಕಾಯ್ದೆ ಇದನ್ನು ತೆಗೆದುಹಾಕಿತು. ಕಪ್ಪುಹಣ ಬಚ್ಚಿಡುವವರನ್ನು ಹಿಡಿಯಲು ಬಂದ ಆ ಕಾಯ್ದೆಯ ಪ್ರಕಾರ, ಹಣ ಕೊಟ್ಟವರು 'ಆಸ್ತಿ ನನ್ನದು' ಎಂದು ದಾವೆ ಹೂಡುವಂತಿಲ್ಲ. ಗಂಡ ಹೆಂಡತಿಯ ಹೆಸರಿನಲ್ಲಿ ಕೊಂಡರೆ ವಿನಾಯಿತಿಯಿದೆ. 2016ರ ತಿದ್ದುಪಡಿಯ ನಂತರ, ಗೊತ್ತಿರುವ ವರಮಾನದಿಂದ ಹೆಂಡತಿ ಗಂಡನ ಹೆಸರಿನಲ್ಲಿ ಕೊಂಡರೂ ಇದೆ. ಮದುವೆಯಿಲ್ಲದೆ ಕೂಡಿ ಬಾಳುವವರು ಆ ವಿನಾಯಿತಿಯಲ್ಲಿ ಇಲ್ಲ. ಒಟ್ಟಿಗಿರುವಾಗ 'ಯಾರ ಹೆಸರಿನಲ್ಲಿದ್ದರೇನು' ಎಂದು ಅವನ ಹೆಸರಿಗೆ ಸೈಟು ಮಾಡಿಸಿ ಹಣ ಕೊಟ್ಟವಳಿಗೆ, ಅಗಲಿದ ಮೇಲೆ ಕಾನೂನಿನ ದಾರಿ ಬಹಳ ಕಿರಿದು. ಅವಳ ಹೆಸರಿಗೆ ಮಾಡಿಸಿದ ಅವನಿಗೂ ಅದೇ ಗತಿ.

ಹೊರದೇಶಗಳು ಈ ಗಂಟನ್ನು ಬೇರೆ ಬೇರೆ ರೀತಿ ಬಿಡಿಸಿವೆ. 1976ರಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟ್, ನಟ ಲೀ ಮಾರ್ವಿನ್ ವಿರುದ್ಧದ ಪ್ರಕರಣದಲ್ಲಿ, ಕೂಡಿ ಬಾಳಿದವರ ನಡುವಿನ ಹಣಕಾಸಿನ ಒಪ್ಪಂದ, ಬಾಯಿಮಾತಿನದಾದರೂ, ನಿಲ್ಲಬಲ್ಲದು ಎಂದಿತು. ನ್ಯೂಜಿಲೆಂಡಿನಲ್ಲಿ 2002ರಿಂದ, ಸಾಮಾನ್ಯವಾಗಿ 3 ವರ್ಷ ಕೂಡಿ ಬಾಳಿದವರಿಗೆ ದಂಪತಿಗಳಂತೆಯೇ ಸಮಪಾಲು. ಆಸ್ಟ್ರೇಲಿಯದ ಹೆಚ್ಚಿನ ಭಾಗದಲ್ಲಿ 2009ರಿಂದ, ಸಾಮಾನ್ಯವಾಗಿ 2 ವರ್ಷ ಕೂಡಿ ಬಾಳಿದ್ದರೆ ಕುಟುಂಬ ನ್ಯಾಯಾಲಯವೇ ಆಸ್ತಿ ಹಂಚುತ್ತದೆ. ಸಿಡ್ನಿಗೋ ಮೆಲ್ಬರ್ನಿಗೋ ಹೋಗಿ ನೆಲೆಸಿರುವ ಕನ್ನಡದ ಹುಡುಗ ಹುಡುಗಿಯರಿಗೂ ಇದೇ ನಿಯಮ. ನಮ್ಮಲ್ಲಿ ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ 2025ರ ಜನವರಿ 27ರಂದು ಜಾರಿಗೆ ಬಂದು, ಸಂಗಾತಿ ಕೈಬಿಟ್ಟ ಹೆಣ್ಣಿಗೆ ಜೀವನಾಂಶದ ಹಕ್ಕು ಕೊಟ್ಟಿತು. ಅದರ ಜೊತೆಗೆ ಸಂಬಂಧವನ್ನು ಸರ್ಕಾರದಲ್ಲಿ ನೋಂದಾಯಿಸಲೇಬೇಕು, ಇಲ್ಲದಿದ್ದರೆ ಶಿಕ್ಷೆ ಎಂಬ ನಿಯಮವನ್ನೂ ತಂದಿತು. ಮನೆಯವರಿಗೆ ಹೆದರಿ ಊರು ಬಿಟ್ಟು ಬಂದವರಿಗೆ ಆ ನೋಂದಣಿ ರಕ್ಷಣೆಯೋ ಅಪಾಯವೋ ಎಂಬ ಚರ್ಚೆ ಎದ್ದಿತು.

ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ದೂರ ಬಂದಿದೆ. 1976ರ ತಿದ್ದುಪಡಿ ಅನೂರ್ಜಿತ ಮದುವೆಯ ಮಕ್ಕಳನ್ನು ನ್ಯಾಯಸಮ್ಮತ ಮಕ್ಕಳೆಂದಿತು. ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿಯೂ ಅವರಿಗೆ ಹಕ್ಕಿದೆ ಎಂದು ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿತು. ಹೆತ್ತವರ ಸಂಬಂಧದ ಹೆಸರಿಗಾಗಿ ಮಗುವನ್ನು ಶಿಕ್ಷಿಸಬಾರದೆಂಬುದನ್ನು ನಾವು ಒಪ್ಪಿದ್ದೇವೆ.

ಮತ್ತೆ ಮಾದನಾಯಕನಹಳ್ಳಿಗೆ

ಹಾಗಾದರೆ ಬಟ್ಟೆಯ ಬ್ಯಾಗಿನೊಂದಿಗೆ ಹೊರಟವಳಿಗೆ ಏನುಂಟು? ಇಬ್ಬರೂ ಅವಿವಾಹಿತರು, ನಾಲ್ಕು ವರ್ಷ ದಂಪತಿಗಳಂತೆ ಇದ್ದವರು. ಆದ್ದರಿಂದ 2005ರ ಕಾಯ್ದೆಯ ಬಾಗಿಲು ಅವಳಿಗೆ ತೆರೆದಿದೆ. ಮನೆ ಮಾಲೀಕರ ಮುಂದೆ ತಲೆಯಾಡಿಸಿದ್ದೂ ಅಲ್ಲಿ ಸಾಕ್ಷ್ಯವೇ. ಮದುವೆಯ ರುಜುವಾತು ಇಲ್ಲದಿದ್ದರೂ ಆರ್ಥಿಕ ಹಿಂಸೆಗೆ ಈ ಕಾಯ್ದೆಯಡಿ ಪರಿಹಾರವಿದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿಯ ಕಂತು ಅವಳ ಬ್ಯಾಂಕ್ ಖಾತೆಯಿಂದ ಹೋಗಿದ್ದರೆ ಅದರ ಲೆಕ್ಕ ಅಲ್ಲಿಯೇ ಇದೆ. ಸರ ಅಡವಿಟ್ಟ ರಸೀದಿ ಇದ್ದರೆ ಅದೂ ಬೇಕಾಗುತ್ತದೆ. ಕೈಸಾಲವೆಂದು ಕೊಟ್ಟಿದ್ದರೆ ಸಿವಿಲ್ ದಾವೆ ಹೂಡಬಹುದು. ಅದಕ್ಕೆ ಸಾಮಾನ್ಯವಾಗಿ 3 ವರ್ಷದ ಗಡುವು. ಅವನೇ ನಷ್ಟಕ್ಕೊಳಗಾದವನಾದರೆ ಅವನಿಗಿರುವುದು ಸಿವಿಲ್ ಕೋರ್ಟು ಮಾತ್ರ. 2005ರ ಕಾಯ್ದೆ ಹೆಂಗಸರಿಗಷ್ಟೇ.

ಆದರೆ ಕೋರ್ಟಿಗೆ ಹೋಗುವವರು ಎಷ್ಟು ಮಂದಿ? ಒಂದು ದಿನ ರಜೆ ಹಾಕಿದರೆ ಒಂದು ದಿನದ ಸಂಬಳ ಹೋಗುವ ಕಡೆ, ಐದಾರು ಸಾವಿರದ ಮುಂಗಡಕ್ಕಾಗಿ ವಾಯಿದೆಯ ಮೇಲೆ ವಾಯಿದೆ ತಿರುಗುವುದು ಸಾಧ್ಯವಾಗದ ಮಾತು. ಹಳ್ಳಿಯ ಪಂಚಾಯ್ತಿ ಹಿಂದೆ ಉಳಿಯಿತು, ನಗರದ ಕೋರ್ಟು ದೂರವಾಯಿತು. ಇವೆರಡರ ನಡುವೆ ಇಂಥ ಸಣ್ಣ ಲೆಕ್ಕಗಳನ್ನು ಬಗೆಹರಿಸುವ ಜಾಗವೇ ಇಲ್ಲದಂತಾಗಿದೆ. ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಸಿಗುತ್ತದೆ ಎಂಬುದು ಈ ವಠಾರಗಳಿಗೆ ಇನ್ನೂ ಸರಿಯಾಗಿ ಮುಟ್ಟಬೇಕಾಗಿದೆ.

ಕೂಡಿ ಬಾಳುವುದನ್ನು ಒಪ್ಪುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಹಣದ ಪ್ರಶ್ನೆ ಅದರಿಂದ ಬೇರೆ. ಅಡವಿಟ್ಟ ಸರ ಯಾರದೆಂದು ತೀರ್ಮಾನಿಸಲು ಅವಳು ಅವನಿಗೆ ಏನಾಗಬೇಕು ಎಂದು ತಿಳಿಯುವ ಅಗತ್ಯವಿಲ್ಲ. ಕಾನೂನು ಇದನ್ನು ಪೂರ್ತಿಯಾಗಿ ಒಪ್ಪುವವರೆಗೆ, ಬಾಡಿಗೆಯ ಕರಾರಿನಲ್ಲಿ ಇಬ್ಬರ ಹೆಸರನ್ನೂ ಬರೆಸುವುದು, ಮುಂಗಡಕ್ಕೆ ಯಾರು ಎಷ್ಟು ಕೊಟ್ಟರೆಂದು ಅದೇ ಛಾಪಾ ಕಾಗದದಲ್ಲಿ ಒಂದು ಸಾಲು ಸೇರಿಸುವುದು ಕೈಯಲ್ಲಾಗುವ ಕೆಲಸ. ಮನೆಗೆ ಬರುವ ದಿನ ಅಂಥ ಸಾಲು ಬರೆಸಲು ಇಬ್ಬರಿಗೂ ಸಂಕೋಚವಾಗಬಹುದು. ಮನೆ ಬಿಡುವ ದಿನ ಓದಿಕೊಳ್ಳಲು ಇರುವುದು ಅದೊಂದೇ ಸಾಲು.